ರಕ್ಷಿಸಿದ ಆಮೆಯೂ ಹಿತ್ತಲಿನ ಮೀನುಕೊಳವೂ

ಭೂಮಿಯ ಮೇಲೆ ಇಂದು ಜೀವಿಸಿರುವ ಪ್ರಾಣಿವರ್ಗಗಳಲ್ಲಿ ಆಮೆಗಳದು ಅತಿ ಪ್ರಾಚೀನವಾದ ಕುಲ. ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆಯೇ ಅವುಗಳ ಪೂರ್ವಜರು ಈ ಭೂಮಿಯಲ್ಲಿದ್ದರು. ನಮ್ಮ ಜನರಿಗೆ ಆಮೆ ಪರಕೀಯವಾದ ಪ್ರಾಣಿಯಲ್ಲ. ವಿಷ್ಣುವಿನ ದಶಾವತಾರಗಳಲ್ಲಿ ಎರಡನೆಯದು ಕೂರ್ಮಾವತಾರ. ಕರ್ನಾಟಕದ ಅನೇಕ ದೇವಾಲಯಗಳ ನೆಲಹಾಸಿನ ಕಲ್ಲಿನಲ್ಲಿ ಆಮೆಯ ಆಕೃತಿಯನ್ನು ಕೆತ್ತಿರುವುದನ್ನು ಇಂದಿಗೂ ಕಾಣಬಹುದು. ಕೆರೆ, ಕುಂಟೆ, ಗದ್ದೆ, ಕಾಲುವೆಗಳಿರುವ ಊರುಗಳಲ್ಲಿ ಆಮೆಯನ್ನು ನೋಡದ ಮಕ್ಕಳು ವಿರಳವಾಗಿದ್ದರು.

ಆದರೆ ಕೆರೆಗಳು ಬಡಾವಣೆಗಳಾಗಿ, ಕುರುಚಲು ಕಾಡುಗಳು ರಸ್ತೆಗಳಾಗಿ ಮಾರ್ಪಟ್ಟಿರುವ ನಗರಗಳಲ್ಲಿ ಆಮೆಯು ಅನಿರೀಕ್ಷಿತವಾಗಿ ಮನುಷ್ಯನ ಮನೆಬಾಗಿಲಿಗೆ ಬರುತ್ತಿದೆ. ಮಳೆ ನಿಂತ ಮರುದಿನ ಅಂಗಳದಲ್ಲಿ, ವಾಹನಗಳು ಓಡಾಡುವ ರಸ್ತೆಯ ಅಂಚಿನಲ್ಲಿ, ಒಳಚರಂಡಿಯ ಬಾಯಿಯಲ್ಲಿ ಅದು ಕಾಣಸಿಗುತ್ತದೆ. ದಯಾಳುಗಳು ಅದನ್ನು ಎತ್ತಿ ತಂದು, ಹಿತ್ತಲಿನಲ್ಲಿ ಅಲಂಕಾರಕ್ಕಾಗಿ ನಿರ್ಮಿಸಿದ ಮೀನುಕೊಳಕ್ಕೆ ಬಿಡುತ್ತಾರೆ. ನೀರು ಇದೆ, ಮೀನು ಇದೆ, ನಾಯಿಗಳ ಕಾಟವಿಲ್ಲ; ಆಮೆಗೆ ಇದಕ್ಕಿಂತ ಸುಖವಾದ ನೆಲೆ ಬೇರೆ ಯಾವುದು ಎಂಬುದು ಅವರ ಭಾವನೆ. ಈ ಭಾವನೆಯ ಹಿಂದಿರುವ ಕರುಣೆ ಪ್ರಶಂಸನೀಯವಾದುದು. ಆದರೆ ಅದರ ಪರಿಣಾಮ ಬಹುಪಾಲು ಸಂದರ್ಭಗಳಲ್ಲಿ ಆಮೆಗೆ ಹಾನಿಕರವಾದುದು. ಇದು ಹೇಗೆ, ಮತ್ತು ಆಮೆಯೊಂದು ಕೈಗೆ ಸಿಕ್ಕಾಗ ಮಾಡಬೇಕಾದುದೇನು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಗಿಂಡಿಯ ನಿದರ್ಶನ

ಚೆನ್ನೈ ಮಹಾನಗರದ ದಕ್ಷಿಣ ಭಾಗದಲ್ಲಿರುವ ಗಿಂಡಿಯನ್ನು ಈ ವಿಷಯಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇಲ್ಲಿರುವ ಗಿಂಡಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 2.7 ಚದರ ಕಿಲೋಮೀಟರ್ ಮಾತ್ರ. ದೇಶದ ಅತಿ ಚಿಕ್ಕ ರಾಷ್ಟ್ರೀಯ ಉದ್ಯಾನಗಳಲ್ಲಿ ಇದೂ ಒಂದು. ಒಂದು ಮಹಾನಗರದ ನಡುವೆ ಉಳಿದುಬಂದಿರುವ ಈ ಕುರುಚಲು ಕಾಡಿನಲ್ಲಿ ಕೃಷ್ಣಮೃಗ ಮತ್ತು ಚುಕ್ಕೆ ಜಿಂಕೆಗಳೊಡನೆ ನಕ್ಷತ್ರ ಆಮೆಯೂ ಸಿಹಿನೀರಿನ ಆಮೆಗಳೂ ನೆಲೆಸಿವೆ. ಇದಕ್ಕೆ ಹೊಂದಿಕೊಂಡಂತೆ ಮರಗಳಿಂದ ತುಂಬಿದ ಮದ್ರಾಸು ಐ.ಐ.ಟಿ. ಆವರಣವಿದೆ. ಉದ್ಯಾನದ ಅಂಚಿನಲ್ಲೇ ಮಕ್ಕಳ ಉದ್ಯಾನವೂ, ಸರೀಸೃಪಗಳ ತಜ್ಞ ರೋಮುಲಸ್ ವಿಟೇಕರ್ ಅವರ ಪ್ರಯತ್ನದಿಂದ 1972ರಲ್ಲಿ ಗಿಂಡಿಯಲ್ಲಿ ನೆಲೆಗೊಂಡ ಹಾವುಗಳ ಉದ್ಯಾನವೂ ಇವೆ. ಹಾವುಗಳಲ್ಲದೆ ಹಲವು ಬಗೆಯ ಆಮೆಗಳನ್ನೂ ಅಲ್ಲಿ ಪ್ರದರ್ಶನಕ್ಕೆ ಇರಿಸಲಾಗಿದೆ.

ಕಾಡಿನ ಬೇಲಿಯಾಚೆಗೆ ದಟ್ಟವಾದ ಜನವಸತಿ. ವೇಳಚ್ಚೇರಿಯ ಕೆರೆ ಹಿಂದಿಗಿಂತ ಬಹಳ ಕುಗ್ಗಿದೆ. ಅದರಾಚೆಗೆ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಪಳ್ಳಿಕರಣೈ ಜೌಗುಭೂಮಿಯ ಬಹುಭಾಗವೂ ಕಟ್ಟಡಗಳ ಅಡಿಯಲ್ಲಿದೆ. ಅಕ್ಟೋಬರಿನಿಂದ ಡಿಸೆಂಬರ್ ವರೆಗೆ ಈಶಾನ್ಯ ಮಾರುತದ ಮಳೆ ಸುರಿದಾಗ ನೀರು ತನ್ನ ಹಳೆಯ ದಾರಿಯನ್ನೇ ಹುಡುಕಿಕೊಂಡು ಬರುತ್ತದೆ. 2015ರ ಡಿಸೆಂಬರಿನ ಪ್ರವಾಹವೂ, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ತಂದ ಪ್ರವಾಹವೂ ಇದನ್ನು ಸ್ಪಷ್ಟಪಡಿಸಿದವು. ನೀರಿನೊಡನೆ ನೀರಿನ ಜೀವಿಗಳೂ ಬೀದಿಗೆ ಬರುತ್ತವೆ. ಇಂತಹ ಪರಿಸರದಲ್ಲಿ ಆಮೆಯು ಮನೆಯಂಗಳಕ್ಕೆ ಬಂದರೆ, ಅದು ದಾರಿ ತಪ್ಪಿ ಬಂದ ಅತಿಥಿಯೆಂದು ಹೇಳುವುದು ಕಷ್ಟ. ಅನೇಕ ವೇಳೆ ಅದು ತನ್ನ ಕುಲದ ಹಳೆಯ ನೆಲೆಯಲ್ಲೇ ಇರುತ್ತದೆ. ಮನೆಯೇ ಅನಂತರ ಬಂದುದು. ಬೆಂಗಳೂರು, ಮೈಸೂರು ಮುಂತಾದ ನಗರಗಳ ಕೆರೆಯಂಚಿನ ಬಡಾವಣೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಮೊದಲು ಕಾಲನ್ನು ನೋಡಬೇಕು

ಕನ್ನಡದಲ್ಲಿ ನಾವು ಆಮೆ ಎಂಬ ಒಂದೇ ಪದವನ್ನು ಎಲ್ಲಕ್ಕೂ ಬಳಸುತ್ತೇವೆ. ಆದರೆ ಭಾರತದಲ್ಲಿ ನೆಲದ ಹಾಗೂ ಸಿಹಿನೀರಿನ ಆಮೆಗಳ ಸುಮಾರು 30 ಪ್ರಭೇದಗಳೂ, ಇವುಗಳಲ್ಲದೆ 5 ಪ್ರಭೇದಗಳ ಕಡಲಾಮೆಗಳೂ ಇವೆ. ಇವೆಲ್ಲವೂ ನೀರಿನಲ್ಲಿ ವಾಸಿಸುವವಲ್ಲ. ಆದುದರಿಂದ ಆಮೆಯನ್ನು ಕೊಳಕ್ಕೆ ಬಿಡುವ ವಿಚಾರ ಮಾಡುವುದಕ್ಕೆ ಮೊದಲು ಅದರ ಕಾಲುಗಳನ್ನು ಗಮನಿಸಬೇಕು.

ನೆಲದ ಆಮೆಯ ಕಾಲುಗಳು ಆನೆಯ ಕಾಲಿನಂತೆ ಕಂಬದಾಕಾರದಲ್ಲಿದ್ದು ಬೆರಳುಗಳ ನಡುವೆ ಜಾಲಪೊರೆ ಇರುವುದಿಲ್ಲ. ಗಿಂಡಿಯ ಕಾಡಿನಲ್ಲಿಯೂ ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡುಗಳ ಒಣಭೂಮಿಯಲ್ಲಿಯೂ ಕಂಡುಬರುವ ನಕ್ಷತ್ರ ಆಮೆ ಈ ಗುಂಪಿಗೆ ಸೇರಿದುದು. ಅದರ ಗುಮ್ಮಟದಂತಹ ಕಪ್ಪು ಚಿಪ್ಪಿನ ಪ್ರತಿಯೊಂದು ಉಬ್ಬಿನಿಂದಲೂ ಹಳದಿ ಗೆರೆಗಳು ನಕ್ಷತ್ರದ ಕಿರಣಗಳಂತೆ ಹೊರಡುತ್ತವೆ. ಹುಲ್ಲು, ಎಲೆ, ಹೂ, ಉದುರಿದ ಹಣ್ಣುಗಳೇ ಇದರ ಮುಖ್ಯ ಆಹಾರ. ಇದಕ್ಕೆ ಈಜಲು ಬಾರದು. ಆಳವಾದ ಕೊಳಕ್ಕೆ ಬಿಟ್ಟರೆ ಇದು ಮುಳುಗಿ ಸಾಯುತ್ತದೆ. ಆಮೆಯೆಂದ ಮೇಲೆ ನೀರಿನದೇ ಇರಬೇಕೆಂಬ ಒಂದೇ ತಪ್ಪು ತಿಳಿವಳಿಕೆಯಿಂದ ಪ್ರಾಣವೊಂದು ಹೋಗುವುದು ಹೀಗೆ.

ಸಿಹಿನೀರಿನ ಆಮೆಯ ಬೆರಳುಗಳ ನಡುವೆ ಬಾತುಕೋಳಿಯ ಪಾದದಲ್ಲಿರುವಂತೆ ಜಾಲಪೊರೆ ಇರುತ್ತದೆ. ದಕ್ಷಿಣ ಭಾರತದ ಕೆರೆ, ಕುಂಟೆ, ಗದ್ದೆಗಳಲ್ಲಿ ಹೆಚ್ಚಾಗಿ ಕಾಣುವುದು ಮೆದುಚಿಪ್ಪಿನ ಆಮೆ. ವಿಜ್ಞಾನಿಗಳು ಇದನ್ನು ಲಿಸ್ಸೆಮಿಸ್ ಪಂಕ್ಟೇಟಾ ಎಂದು ಕರೆಯುತ್ತಾರೆ. ತಮಿಳಿನಲ್ಲಿ ಇದು ಪಾಲ್ ಆಮೈ, ಅಂದರೆ ಹಾಲಾಮೆ. ಇದರ ಚಿಪ್ಪಿನ ಮೇಲೆ ಗಡಸು ಫಲಕಗಳ ಬದಲು ನುಣುಪಾದ ಚರ್ಮದ ಹೊದಿಕೆ ಇರುತ್ತದೆ. ಹಿಂಗಾಲುಗಳನ್ನು ಒಳಗೆಳೆದುಕೊಂಡಾಗ ಹೊಟ್ಟೆಯ ಭಾಗದ ಎರಡು ಮಡಿಕೆಗಳು ಮುಚ್ಚಳದಂತೆ ಅವುಗಳನ್ನು ಮರೆಮಾಡುತ್ತವೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಇದು ಕೆಸರಿನೊಳಗೆ ಹುದುಗಿಕೊಂಡು ಮಳೆಯ ತನಕ ಕಾಯುತ್ತದೆ. ಬೆನ್ನಿನ ಮೇಲೆ ಮೂರು ಏಣುಗಳುಳ್ಳ ಕಪ್ಪು ಆಮೆಯೂ ನಮ್ಮ ಸಿಹಿನೀರಿನಲ್ಲಿರುವ ಇನ್ನೊಂದು ಪ್ರಭೇದ.

ಮೂರನೆಯದು ಕಡಲಾಮೆ. ಇದರ ಕಾಲುಗಳು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿರುತ್ತವೆ. ಗಿಂಡಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಬೆಸಂಟ್ ನಗರ, ನೀಲಾಂಕರೈ ಕಡಲತೀರಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ವಿದ್ಯಾರ್ಥಿಗಳೇ ಕಟ್ಟಿದ ಒಂದು ಸ್ವಯಂಸೇವಾ ತಂಡ 1988ರಿಂದ ರಾತ್ರಿಯೆಲ್ಲ ತೀರದಲ್ಲಿ ನಡೆದು ಆ ಮೊಟ್ಟೆಗಳನ್ನು ಕಾಯುತ್ತ ಬಂದಿದೆ. ಬೀದಿದೀಪದ ಬೆಳಕಿಗೆ ಮರುಳಾಗಿ ಊರಿನ ಕಡೆಗೆ ಬರುವ ಮರಿಗಳನ್ನು ಮನೆಗೆ ತಂದು ಸಿಹಿನೀರಿನ ತೊಟ್ಟಿಗೆ ಹಾಕುವುದು ಸಲ್ಲದು.

ಎಲ್ಲ ಆಮೆಗೂ ರಕ್ಷಣೆ ಬೇಕಿಲ್ಲ

ನೆಲದ ಮೇಲೆ ಕಂಡ ಸಿಹಿನೀರಿನ ಆಮೆಯೆಲ್ಲವೂ ಆಪತ್ತಿನಲ್ಲಿದೆಯೆಂದು ಭಾವಿಸಬಾರದು. ಹೆಣ್ಣಾಮೆಯು ಮೊಟ್ಟೆಯಿಡಲು ನೀರಿನಿಂದ ಹೊರಬಂದು ಮೆತ್ತನೆಯ ಮಣ್ಣನ್ನು ಹುಡುಕುತ್ತದೆ. ಒಂದು ಕುಂಟೆ ಬತ್ತಿದಾಗ ಆಮೆಯು ಇನ್ನೊಂದನ್ನು ಅರಸಿ ಹೋಗುತ್ತದೆ. ಮಳೆಗಾಲದಲ್ಲಿ ಅದು ಹೊಸ ನೀರಿನ ಜಾಡು ಹಿಡಿಯುತ್ತದೆ. ಇಂತಹ ಆಮೆಯನ್ನು ಎತ್ತಿ ಮನೆಗೆ ಒಯ್ದರೆ ಅದರ ಪ್ರಯಾಣವನ್ನು ನಡುವೆ ಕಡಿದಂತಾಗುತ್ತದೆ. ಹೆಣ್ಣಾಮೆಯಾದರೆ ಆ ವರ್ಷದ ಸಂತಾನವೂ ನಷ್ಟವಾಗಬಹುದು.

ಗಾಯವಿಲ್ಲದ, ಚುರುಕಾಗಿ ನಡೆಯುತ್ತಿರುವ ಆಮೆ ರಸ್ತೆ ದಾಟುತ್ತಿದ್ದರೆ, ವಾಹನಗಳನ್ನು ಗಮನಿಸಿ ಅದನ್ನು ಅದು ಹೋಗುತ್ತಿದ್ದ ದಿಕ್ಕಿನಲ್ಲೇ ರಸ್ತೆಯ ಆಚೆಗೆ ಬಿಟ್ಟರೆ ಸಾಕು. ಬಂದ ದಿಕ್ಕಿಗೆ ಮರಳಿಸಿದರೆ ಅದು ಮತ್ತೆ ರಸ್ತೆ ದಾಟಲು ಪ್ರಯತ್ನಿಸುತ್ತದೆ. ಎರಡು ನಿಮಿಷಗಳ ಈ ನೆರವು ಎರಡು ವರ್ಷಗಳ ಸಾಕಣೆಗಿಂತ ಹೆಚ್ಚಿನ ಉಪಕಾರವೆಂಬುದನ್ನು ಮರೆಯಬಾರದು. ಗಾಯಗೊಂಡಿರುವ, ನಿತ್ರಾಣವಾಗಿರುವ, ಮಾರಾಟಗಾರರ ಕೈಯಲ್ಲಿರುವ ಅಥವಾ ಸುತ್ತಮುತ್ತ ಎಲ್ಲಿಯೂ ತಕ್ಕ ನೆಲೆಯಿಲ್ಲದ ಕಡೆ ಸಿಲುಕಿಕೊಂಡಿರುವ ಆಮೆಗೆ ಮಾತ್ರ ನಿಜವಾದ ಅರ್ಥದಲ್ಲಿ ರಕ್ಷಣೆ ಅಗತ್ಯ.

ಮೀನುಕೊಳದಲ್ಲಿ ಆಗುವುದೇನು?

ಜಾಲಪೊರೆಯ ಕಾಲುಳ್ಳ ಸಿಹಿನೀರಿನ ಆಮೆಯೇ ಆದರೂ ಹಿತ್ತಲಿನ ಕೊಳವು ಅದಕ್ಕೆ ಏಕೆ ಒಗ್ಗುವುದಿಲ್ಲ ಎಂಬುದಕ್ಕೆ ನಾಲ್ಕು ಮುಖ್ಯ ಕಾರಣಗಳಿವೆ.

ಮೊದಲನೆಯದು ನೀರಿನ ಶುದ್ಧತೆ. ಮೀನುಗಳ ತ್ಯಾಜ್ಯದಿಂದ ನೀರಿನಲ್ಲಿ ಅಮೋನಿಯಾ ಉಂಟಾಗುತ್ತದೆ. ಕೊಳದ ತಳದಲ್ಲಿಯೂ ಕಲ್ಲುಗಳ ಮೇಲೂ ಬೆಳೆಯುವ ಸೂಕ್ಷ್ಮಜೀವಿಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಜಲಸಸ್ಯಗಳು ಆ ನೈಟ್ರೇಟನ್ನು ಹೀರಿಕೊಳ್ಳುತ್ತವೆ. ಹತ್ತಾರು ಚಿಕ್ಕ ಮೀನುಗಳಿರುವ ಕೊಳದಲ್ಲಿ ಈ ಚಕ್ರ ಸಮತೋಲನದಲ್ಲಿರುತ್ತದೆ. ಆಮೆಯು ಆಹಾರವನ್ನು ಹರಿದು ತಿನ್ನುವ ಪ್ರಾಣಿ. ತಿಂದುದಕ್ಕಿಂತ ಚೆಲ್ಲಿದ್ದು ಹೆಚ್ಚು, ತ್ಯಾಜ್ಯವೂ ಅಧಿಕ. ಒಂದು ಆಮೆ ಸೇರಿದರೂ ಚಿಕ್ಕ ಕೊಳದ ಸಮತೋಲನ ಕೆಡುತ್ತದೆ. ನೀರು ಹಸುರುಗಟ್ಟುತ್ತದೆ, ರಾತ್ರಿಯ ಕೊನೆಯಲ್ಲಿ ಪ್ರಾಣವಾಯು ಕಡಿಮೆಯಾಗಿ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗುತ್ತವೆ. ಕೊಳೆತ ನೀರಿನಿಂದ ಆಮೆಗೂ ಚರ್ಮದ ಮತ್ತು ಚಿಪ್ಪಿನ ಸೋಂಕು ತಗಲುತ್ತದೆ.

ಎರಡನೆಯದು ಬಿಸಿಲು. ಆಮೆಯ ದೇಹದ ಉಷ್ಣತೆ ಸುತ್ತಲಿನ ಉಷ್ಣತೆಯನ್ನು ಅವಲಂಬಿಸಿರುತ್ತದೆ. ಅನೇಕ ಸಿಹಿನೀರಿನ ಆಮೆಗಳು ಪ್ರತಿದಿನ ನೀರಿನಿಂದ ಮೇಲೆ ಬಂದು ಬಂಡೆಯ ಅಥವಾ ಮರದ ದಿಮ್ಮಿಯ ಮೇಲೆ ಮೈ ಕಾಯಿಸಿಕೊಳ್ಳುತ್ತವೆ. ಬಿಸಿಲಿನ ನೇರಳಾತೀತ ಕಿರಣಗಳಿಂದ ಚರ್ಮದಲ್ಲಿ ಡಿ ಜೀವಸತ್ವ ಉತ್ಪತ್ತಿಯಾಗುತ್ತದೆ. ಅದಿಲ್ಲದೆ ದೇಹವು ಕ್ಯಾಲ್ಸಿಯಂ ಅನ್ನು ಬಳಸಿಕೊಳ್ಳಲಾರದು. ಚಿಪ್ಪು ಆಮೆಯ ಮನೆಯೆಂಬುದು ಕವಿಗಳ ಮಾತು. ವಾಸ್ತವವಾಗಿ ಅದು ಬೆನ್ನುಮೂಳೆ ಮತ್ತು ಪಕ್ಕೆಲುಬುಗಳು ಕೂಡಿ ಆದ ಅಸ್ಥಿಪಂಜರದ ಭಾಗ. ಬಿಸಿಲು ಕಾಣದ ಆಮೆಯ ಚಿಪ್ಪು ಮೆದುವಾಗಿ ವಿಕಾರಗೊಳ್ಳುತ್ತದೆ. ಮನೆಗಳ ನಡುವೆ, ಗೋಡೆಯ ನೆರಳಿನಲ್ಲಿ ನಿರ್ಮಿಸಿದ ಕೊಳದಲ್ಲಿ ದಿನಕ್ಕೆ ಒಂದು ಗಂಟೆಯ ಬಿಸಿಲೂ ಬೀಳದಿರಬಹುದು.

ಮೂರನೆಯದು ಕೊಳದ ರಚನೆ. ಸಿಮೆಂಟಿನ ನೇರ ಗೋಡೆಗಳ ಕೊಳದಲ್ಲಿ ಆಮೆಗೆ ಮೇಲೇರಲು ಇಳಿಜಾರಿರುವುದಿಲ್ಲ. ಆಮೆಯು ಉಸಿರಾಡುವುದು ಶ್ವಾಸಕೋಶದಿಂದ. ದಣಿದ ಅಥವಾ ರೋಗಗ್ರಸ್ತ ಆಮೆಯು ವಿಶ್ರಮಿಸಲು ನೆಲ ಸಿಗದೆ ನೀರಿನಲ್ಲೇ ಮುಳುಗಿ ಸಾಯಬಹುದು. ಇಳಿಜಾರಿರುವ ಕೊಳದಲ್ಲಾದರೆ ಆಮೆಯು ಒಂದು ರಾತ್ರಿ ಹೊರಬಂದು, ಗೇಟಿನ ಕೆಳಗೆ ನುಸುಳಿ, ಮತ್ತೆ ಅದೇ ರಸ್ತೆಯನ್ನು ಸೇರುತ್ತದೆ. ಮೊಟ್ಟೆಯಿಡುವ ಹೆಣ್ಣಿಗೆ ಮೆದುವಾದ ಮಣ್ಣಿನ ದಂಡೆ ಬೇಕು. ಅದು ಸಿಗದಾಗ ಮೊಟ್ಟೆಗಳು ದೇಹದೊಳಗೇ ಉಳಿದು ಪ್ರಾಣಕ್ಕೆ ಅಪಾಯವಾಗುತ್ತದೆ.

ನಾಲ್ಕನೆಯದು ಕೊಳದ ಇತರ ಜೀವಿಗಳು. ಮೆದುಚಿಪ್ಪಿನ ಆಮೆಯು ಬಸವನಹುಳು, ಕಪ್ಪೆ, ಮೀನು, ಕೀಟ, ಸತ್ತ ಪ್ರಾಣಿ, ಜಲಸಸ್ಯ ಎಲ್ಲವನ್ನೂ ತಿನ್ನುತ್ತದೆ. ನಿಧಾನವಾಗಿ ಈಜುವ ಅಲಂಕಾರಿಕ ಮೀನುಗಳು ಅದಕ್ಕೆ ಸುಲಭದ ತುತ್ತು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಬಿಟ್ಟ ಗಪ್ಪಿ ಮೀನುಗಳು ಮುಗಿದರೆ ಕೊಳವೇ ಸೊಳ್ಳೆಗಳ ತಾಣವಾಗುತ್ತದೆ. ಇತ್ತ ಮೀನಿನ ಕಾಳುಗಳನ್ನಷ್ಟೇ ತಿಂದು ಬದುಕುವ ಆಮೆಯಲ್ಲಿ ಎ ಜೀವಸತ್ವದ ಕೊರತೆಯುಂಟಾಗಿ ಕಣ್ಣುರೆಪ್ಪೆಗಳು ಊದಿಕೊಳ್ಳುತ್ತವೆ. ಕಣ್ಣು ಕಾಣದ ಆಮೆ ಆಹಾರ ಬಿಡುತ್ತದೆ. ಆಮೆಯ ಜೀವವ್ಯಾಪಾರ ನಿಧಾನವಾದುದರಿಂದ ಈ ಅವನತಿ ತಿಂಗಳುಗಳ ಕಾಲ ಕಣ್ಣಿಗೆ ಬೀಳದು. ಆಮೆ ಕೊಳದಲ್ಲಿ ಸುಖವಾಗಿದೆಯೆಂದು ಮನೆಯವರು ನಂಬಿರುವ ಅವಧಿಯಲ್ಲೇ ಅದು ಕ್ಷೀಣಿಸುತ್ತಿರುತ್ತದೆ.

ಬಾವಿಯ ಆಮೆ, ಭಾಗ್ಯದ ಆಮೆ

ಬಾವಿಯ ನೀರು ತಿಳಿಯಾಗಿರಲೆಂದು ಅದಕ್ಕೆ ಆಮೆಯನ್ನು ಬಿಡುವ ರೂಢಿ ನಮ್ಮ ಹಳ್ಳಿಗಳಲ್ಲಿಯೂ ತಮಿಳುನಾಡಿನಲ್ಲಿಯೂ ಹಿಂದಿನಿಂದ ಇತ್ತು. ಆಮೆಯು ಬಾವಿಗೆ ಬಿದ್ದ ಹುಳುಹುಪ್ಪಟೆ, ಪಾಚಿಗಳನ್ನು ತಿನ್ನುವುದು ನಿಜ. ಆದರೆ ಅದರ ಮಲವೂ ಅದೇ ನೀರಿಗೆ ಸೇರುತ್ತದೆ. ಆಮೆಗಳ ಕರುಳಿನಲ್ಲಿ ಸಾಮಾನ್ಯವಾಗಿರುವ ಸಾಲ್ಮೊನೆಲ್ಲಾ ಎಂಬ ರೋಗಾಣು ಮನುಷ್ಯರಲ್ಲಿ, ವಿಶೇಷವಾಗಿ ಮಕ್ಕಳಲ್ಲಿ, ತೀವ್ರವಾದ ವಾಂತಿಭೇದಿಯನ್ನು ಉಂಟುಮಾಡಬಲ್ಲದು. ಈ ಕಾರಣದಿಂದಲೇ ಅಮೆರಿಕದಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು 1975ರಲ್ಲಿ ನಿಷೇಧಿಸಲಾಯಿತು. ಕುಡಿಯುವ ನೀರಿನ ಶುದ್ಧಿಗೆ ಇಂದು ಸುರಕ್ಷಿತವಾದ ಬೇರೆ ವಿಧಾನಗಳಿವೆ. ಮೇಲೇರಲು ದಾರಿಯಿಲ್ಲದ, ಬಿಸಿಲು ಬೀಳದ ಬಾವಿಯಲ್ಲಿ ಒಂಟಿಯಾಗಿ ವರ್ಷಗಟ್ಟಲೆ ಉಳಿಯುವ ಆಮೆಯ ಪಾಡನ್ನೂ ಯೋಚಿಸಬೇಕು.

ನಂಬಿಕೆಗಳೂ ಆಮೆಗೆ ತೊಡಕಾಗಿವೆ. ಆಮೆ ಹೊಕ್ಕ ಮನೆ ಉದ್ಧಾರವಾಗದು ಎಂಬರ್ಥದ ಗಾದೆ ತಮಿಳಿನಲ್ಲಿದೆ. ಇದನ್ನು ನಂಬಿದವರು ಅಂಗಳಕ್ಕೆ ಬಂದ ಆಮೆಯನ್ನು ಗಾಬರಿಯಿಂದ ಎಲ್ಲೆಂದರಲ್ಲಿ ಎಸೆದುಬರುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ ಆಮೆಯು ಮನೆಗೆ ಐಶ್ವರ್ಯ ತರುತ್ತದೆಂದು ನಂಬಿದವರು ಅದನ್ನು ಹಣ ಕೊಟ್ಟು ತಂದು ತೊಟ್ಟಿಯಲ್ಲಿ ಬಂಧಿಸುತ್ತಾರೆ. ಮೊದಲಿನ ನಂಬಿಕೆ ಆಮೆಯನ್ನು ಬೀದಿಪಾಲು ಮಾಡಿದರೆ, ಎರಡನೆಯದು ಕಳ್ಳಸಾಗಣೆದಾರರಿಗೆ ಮಾರುಕಟ್ಟೆಯನ್ನು ಒದಗಿಸುತ್ತದೆ. ಎರಡರಲ್ಲಿಯೂ ಕಷ್ಟಕ್ಕೆ ಗುರಿಯಾಗುವುದು ಆಮೆಯೇ.

ಮೊದಲ ಕೆಲವು ಗಂಟೆಗಳು

ನಿಜವಾಗಿಯೂ ಆಪತ್ತಿನಲ್ಲಿರುವ ಆಮೆ ಸಿಕ್ಕಾಗ, ಅದನ್ನು ಅರಣ್ಯ ಇಲಾಖೆಯ ವಶಕ್ಕೆ ಒಪ್ಪಿಸುವವರೆಗೆ ಸಾರ್ವಜನಿಕರು ಈ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ಆಮೆಯನ್ನು ಚಿಪ್ಪಿನ ಎರಡು ಪಕ್ಕಗಳಲ್ಲಿ, ಹಿಂಭಾಗಕ್ಕೆ ಸಮೀಪವಾಗಿ ಹಿಡಿದು ನೆಲಕ್ಕೆ ಸಮಾನಾಂತರವಾಗಿ ಎತ್ತಬೇಕು. ಮೆದುಚಿಪ್ಪಿನ ಆಮೆಯ ಕುತ್ತಿಗೆ ನೀಳವಾದುದು. ಅದು ತಿರುಗಿ ಕಚ್ಚಬಲ್ಲದು. ಬಾಲ ಅಥವಾ ಕಾಲು ಹಿಡಿದು ಎತ್ತಬಾರದು, ಬೆನ್ನಿನ ಮೇಲೆ ಮಲಗಿಸಬಾರದು.

2. ಗಾಳಿಯಾಡಲು ರಂಧ್ರಗಳಿರುವ ರಟ್ಟಿನ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬಟ್ಟೆಯನ್ನು ಹಾಸಿ ಆಮೆಯನ್ನು ಇರಿಸಬೇಕು. ನೀರಿನ ಆಮೆಗೆ ಬಟ್ಟೆಯು ಒದ್ದೆಯಾಗಿರಲಿ, ನೆಲದ ಆಮೆಗೆ ಒಣಗಿರಲಿ. ಒಂದು ಪೆಟ್ಟಿಗೆಯಲ್ಲಿ ಒಂದೇ ಆಮೆ ಇರಬೇಕು.

3. ಪೆಟ್ಟಿಗೆಯನ್ನು ನೆರಳಿನಲ್ಲಿ, ಸದ್ದಿಲ್ಲದ ಕಡೆ, ನಾಯಿ ಬೆಕ್ಕುಗಳಿಗೆ ನಿಲುಕದಂತೆ ಇಡಬೇಕು. ನೆರೆಹೊರೆಯವರಿಗೆ ತೋರಿಸಲೆಂದು ಪದೇ ಪದೇ ಹೊರತೆಗೆಯಬಾರದು.

4. ಗಾಯಗೊಂಡ ಆಮೆಯನ್ನು ನೀರಿಗೆ ಬಿಡಬಾರದು. ಚಿಪ್ಪು ಒಡೆದಿದ್ದರೆ ಅದು ಮೂಳೆ ಮುರಿದುದಕ್ಕೆ ಸಮಾನ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಮೃದುವಾಗಿ ಒತ್ತಿ ಹಿಡಿಯಬೇಕು. ನೊಣ ಕೂರದಂತೆ ಮುಚ್ಚಬೇಕು. ಅಂಟು, ಸುಣ್ಣ, ಬಣ್ಣ ಮುಂತಾದುವನ್ನು ಹಚ್ಚಬಾರದು.

5. ಬಾಯಲ್ಲಿ ಗಾಳ ಸಿಕ್ಕಿಕೊಂಡಿದ್ದರೆ ದಾರವನ್ನು ಎಳೆಯಬಾರದು. ಅದನ್ನು ಪಶುವೈದ್ಯರೇ ತೆಗೆಯಬೇಕು.

6. ಅನ್ನ, ಹಾಲು, ಬ್ರೆಡ್ಡು, ಬಿಸ್ಕತ್ತುಗಳನ್ನು ಕೊಡಬಾರದು. ಒಂದೆರಡು ದಿನ ಆಹಾರವಿಲ್ಲದಿದ್ದರೆ ಆಮೆಗೆ ತೊಂದರೆಯಾಗದು. ತಪ್ಪು ಆಹಾರದಿಂದ ತೊಂದರೆಯಾಗುತ್ತದೆ.

7. ಆಮೆ ಸಿಕ್ಕಿದ ಸ್ಥಳ, ದಿನ ಮತ್ತು ಸಮಯವನ್ನು ಬರೆದಿಟ್ಟುಕೊಳ್ಳಬೇಕು. ಅದನ್ನು ಮರಳಿ ಎಲ್ಲಿಗೆ ಬಿಡಬೇಕೆಂಬುದನ್ನು ಅಧಿಕಾರಿಗಳು ನಿರ್ಧರಿಸುವುದು ಈ ಮಾಹಿತಿಯ ಆಧಾರದ ಮೇಲೆ.

8. ಆಮೆಯನ್ನು ಮುಟ್ಟಿದ ನಂತರ ಸೋಪು ಹಚ್ಚಿ ಕೈ ತೊಳೆಯಬೇಕು. ಮಕ್ಕಳ ವಿಷಯದಲ್ಲಿ ಇದನ್ನು ತಪ್ಪದೆ ಪಾಲಿಸಬೇಕು.

ಕಾನೂನು ಹೇಳುವುದೇನು?

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕಾರ ಕಾಡುಪ್ರಾಣಿಯನ್ನು ಹಿಡಿಯುವುದೂ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತದೆ. ಅಧಿನಿಯಮದ 39ನೇ ಪ್ರಕರಣದಂತೆ ಸರ್ಕಾರದ ಸ್ವತ್ತಾದ ಇಂತಹ ಪ್ರಾಣಿಯು ಯಾರ ವಶಕ್ಕಾದರೂ ಬಂದಲ್ಲಿ ಅವರು 48 ಗಂಟೆಗಳೊಳಗಾಗಿ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಬೇಕು, ಮತ್ತು ಕೇಳಿದಾಗ ಅದನ್ನು ಒಪ್ಪಿಸಬೇಕು. ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ರಕ್ಷಿಸಿದ ಉದ್ದೇಶ ಒಳ್ಳೆಯದಾಗಿತ್ತು ಎಂಬುದು ಸಾಕುವ ಹಕ್ಕನ್ನು ನೀಡುವುದಿಲ್ಲ.

2022ರಲ್ಲಿ ಈ ಅಧಿನಿಯಮಕ್ಕೆ ವ್ಯಾಪಕವಾದ ತಿದ್ದುಪಡಿಗಳನ್ನು ಮಾಡಲಾಗಿದ್ದು, ಅವು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಮೆದುಚಿಪ್ಪಿನ ಆಮೆಯು ಹಿಂದಿನಿಂದಲೂ ಅತ್ಯುನ್ನತ ರಕ್ಷಣೆಯ 1ನೇ ಅನುಸೂಚಿಯಲ್ಲಿದೆ. ಮೊದಲು 4ನೇ ಅನುಸೂಚಿಯಲ್ಲಿದ್ದ ನಕ್ಷತ್ರ ಆಮೆಯನ್ನೂ ಈಗ 1ನೇ ಅನುಸೂಚಿಗೆ ಸೇರಿಸಲಾಗಿದೆ. ಈ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಗಳಿಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡವನ್ನು ವಿಧಿಸಬಹುದಾಗಿದೆ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು ತಡೆಯಲು 2019ರಲ್ಲಿ ಸೈಟಿಸ್ ಒಪ್ಪಂದದ 1ನೇ ಪರಿಶಿಷ್ಟದಲ್ಲಿಯೂ ಅದನ್ನು ಸೇರಿಸಲಾಯಿತು.

ಆಮೆಯನ್ನು ಒಪ್ಪಿಸುವ ಬದಲು ಸಮೀಪದ ಕೆರೆಗೋ ಕಾಡಿಗೋ ತಾವೇ ಬಿಟ್ಟುಬಂದರಾಯಿತೆಂದು ಕೆಲವರು ಯೋಚಿಸುತ್ತಾರೆ. ಇದೂ ಸರಿಯಲ್ಲ. ಮಾರಾಟಗಾರರಿಂದ ಬಿಡಿಸಿದ ಆಮೆ ಯಾವ ಸೀಮೆಯದೆಂದು ತಿಳಿಯದು. ಮನೆಯಲ್ಲಿ ಕೆಲಕಾಲ ಇದ್ದ ಆಮೆಯು ಅಲ್ಲಿನ ರೋಗಾಣುಗಳನ್ನು ಕಾಡಿನ ಆಮೆಗಳಿಗೆ ಹರಡಬಹುದು. ಗಿಂಡಿಯಂತಹ ಚಿಕ್ಕ ಕಾಡಿನಲ್ಲಿ ಒಂದು ಸೋಂಕು ಹರಡಿದರೆ ಅಲ್ಲಿನ ಆಮೆಗಳು ತಪ್ಪಿಸಿಕೊಂಡು ಹೋಗಲು ಬೇರೆ ಕಾಡಿಲ್ಲ.

ಈ ಎಚ್ಚರಿಕೆ ಎಷ್ಟು ಅಗತ್ಯವೆಂಬುದಕ್ಕೆ ಕರ್ನಾಟಕದ್ದೇ ಒಂದು ಉದಾಹರಣೆಯಿದೆ. ಸಿಂಗಪುರದಲ್ಲಿ ರಕ್ಷಿಸಲಾಗಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರಿನಲ್ಲಿ ವಿಮಾನದ ಮೂಲಕ ಬೆಂಗಳೂರಿಗೆ ತರಲಾಯಿತು. ಅವುಗಳನ್ನು ನೇರವಾಗಿ ಕಾಡಿಗೆ ಬಿಡಲಿಲ್ಲ. ಕರ್ನಾಟಕ ಅರಣ್ಯ ಇಲಾಖೆಯ ಮೇಲ್ವಿಚಾರಣೆಯಲ್ಲಿ ಮೊದಲು ಪ್ರತ್ಯೇಕವಾಗಿರಿಸಿ, ಆರೋಗ್ಯವನ್ನು ಪರೀಕ್ಷಿಸಿ, ಇಲ್ಲಿನ ಹವೆಗೆ ಹೊಂದಿಸುವ ಕ್ರಮವನ್ನು ಕೈಗೊಳ್ಳಲಾಯಿತು. ಸಾಕಲೆಂದು ಕೊಂಡ ಒಂದು ಆಮೆಯನ್ನು ಮತ್ತೆ ತನ್ನ ನೆಲಕ್ಕೆ ತಲುಪಿಸುವುದು ಎಷ್ಟು ಶ್ರಮದ ಕೆಲಸವೆಂಬುದು ಇದರಿಂದ ವೇದ್ಯವಾಗುತ್ತದೆ.

ವಿದೇಶದಿಂದ ಬಂದ ಕೆಂಪುಗೆರೆಯ ಆಮೆ

ಹಿತ್ತಲಿನ ಕೊಳಗಳಲ್ಲಿ ಇಂದು ಹೆಚ್ಚಾಗಿ ಕಾಣುವ ಆಮೆ ನಮ್ಮ ದೇಶದ್ದಲ್ಲ. ಕಣ್ಣಿನ ಹಿಂದೆ ಕೆಂಪು ಗೆರೆಯಿರುವ, ಎಳೆಯದರಲ್ಲಿ ನಾಣ್ಯದ ಗಾತ್ರದ ಹಸಿರು ಆಮೆಯನ್ನು ಅಲಂಕಾರಿಕ ಮೀನುಗಳ ಅಂಗಡಿಗಳಲ್ಲಿ ಮಾರಲಾಗುತ್ತದೆ. ಇದು ಅಮೆರಿಕದ ಮಿಸಿಸಿಪಿ ನದಿಯ ಸೀಮೆಯ ಆಮೆ. ಕೆಲವೇ ವರ್ಷಗಳಲ್ಲಿ ಊಟದ ತಟ್ಟೆಯಷ್ಟಾಗಿ ಬೆಳೆಯುತ್ತದೆ. ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಬೆಳೆದ ಆಮೆಯನ್ನು ಸಾಕಲಾಗದವರು ಅದನ್ನು ದೇವಸ್ಥಾನದ ಕಲ್ಯಾಣಿಗೋ ಊರಿನ ಕೆರೆಗೋ ಬಿಡುತ್ತಾರೆ. ಅಲ್ಲಿ ಅದು ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಆಕ್ರಮಿಸುತ್ತದೆ. ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಯೂರೋಪಿನ ಒಕ್ಕೂಟವು ಇದರ ಆಮದನ್ನು 1997ರಲ್ಲೇ ನಿಷೇಧಿಸಿತು.

ಈಗಾಗಲೇ ಇಂತಹ ಆಮೆಯಿರುವ ಮನೆಯವರು ಯಾವ ಕಾರಣಕ್ಕೂ ಅದನ್ನು ಹೊರಗಿನ ನೀರಿಗೆ ಬಿಡಬಾರದು. ಅದನ್ನು ಇರಿಸಿಕೊಳ್ಳುವ ಕುರಿತು ಇರುವ ನಿಯಮಗಳನ್ನು ಅರಣ್ಯ ಇಲಾಖೆಯಿಂದ ತಿಳಿದುಕೊಳ್ಳಬೇಕು. ಅದು ಮನೆಯಲ್ಲಿರುವವರೆಗೆ ಮೀನುಗಳಿಂದ ಬೇರ್ಪಡಿಸಿದ ಕೊಳ, ಹತ್ತಲು ಒರಟಾದ ಇಳಿಜಾರು, ಬಿಸಿಲು ಬೀಳುವ ಒಣ ಬಂಡೆ, ಮಧ್ಯಾಹ್ನದ ಸೆಕೆಗೆ ನೆರಳು, ಆಗಾಗ ಬದಲಾಗುವ ಅಥವಾ ಸೋಸಿ ಬರುವ ನೀರು, ಆಮೆಯು ಏರಲಾರದ ನುಣುಪಾದ ಸುತ್ತುಗೋಡೆ ಇವಿಷ್ಟನ್ನೂ ಒದಗಿಸಬೇಕು. ಸೊಪ್ಪು, ಜಲಸಸ್ಯಗಳೊಡನೆ ಪ್ರಾಣಿಜನ್ಯ ಆಹಾರವನ್ನೂ ಮಿತವಾಗಿ ಕೊಡಬೇಕು. ಹೊಸದಾಗಿ ಯಾರೂ ಇದನ್ನು ಕೊಳ್ಳದಿರುವುದೇ ಶಾಶ್ವತವಾದ ಪರಿಹಾರ.

ಯಾರಿಗೆ ತಿಳಿಸಬೇಕು?

ಚೆನ್ನೈನಲ್ಲಿ ವಾಸಿಸುವವರು ತಮಿಳುನಾಡು ಅರಣ್ಯ ಇಲಾಖೆಗೆ ತಿಳಿಸಬೇಕು. ಗಿಂಡಿ ರಾಷ್ಟ್ರೀಯ ಉದ್ಯಾನದ ಅರಣ್ಯ ಸಿಬ್ಬಂದಿಯನ್ನು ಸಂಪರ್ಕಿಸಿದರೆ ಮುಂದಿನ ಕ್ರಮ ತಿಳಿಯುತ್ತದೆ. ಆಮೆಗೆ ತೀವ್ರವಾದ ಗಾಯವಾಗಿದ್ದಲ್ಲಿ ಇಲಾಖೆಗೆ ತಿಳಿಸುವುದರೊಡನೆ ಪಶುವೈದ್ಯರ ನೆರವನ್ನೂ ಪಡೆಯಬೇಕು. ವೇಪೇರಿಯಲ್ಲಿ 1903ರಿಂದ ಮದ್ರಾಸು ಪಶುವೈದ್ಯಕೀಯ ಕಾಲೇಜು ಇದೆ. ಕರ್ನಾಟಕದಲ್ಲಿ ಅರಣ್ಯ ಇಲಾಖೆಯ 1926 ಸಂಖ್ಯೆಯ ಸಹಾಯವಾಣಿಗೆ ಕರೆ ಮಾಡಬಹುದು. ಬೇರೆ ರಾಜ್ಯಗಳಲ್ಲಿರುವ ಕನ್ನಡಿಗರು ಆಯಾ ರಾಜ್ಯದ ಅರಣ್ಯ ಇಲಾಖೆಯನ್ನಾಗಲಿ ಸಮೀಪದ ಪೊಲೀಸ್ ಠಾಣೆಯನ್ನಾಗಲಿ ಸಂಪರ್ಕಿಸಬಹುದು. ಆಮೆಯು ಈಗಾಗಲೇ ಹಲವು ತಿಂಗಳುಗಳಿಂದ ಮನೆಯ ಕೊಳದಲ್ಲಿದ್ದರೆ ಅದನ್ನು ಗುಟ್ಟಾಗಿ ಎಲ್ಲಿಯಾದರೂ ಬಿಟ್ಟುಬಿಡುವ ಬದಲು ಸ್ವಯಂಪ್ರೇರಣೆಯಿಂದ ಇಲಾಖೆಗೆ ತಿಳಿಸುವುದೇ ಆಮೆಗೂ ಮನೆಯವರಿಗೂ ಕ್ಷೇಮ.

ಅರಣ್ಯ, ಸರೋವರ, ನದಿ ಮತ್ತು ವನ್ಯಜೀವಿಗಳನ್ನೊಳಗೊಂಡ ಪ್ರಾಕೃತಿಕ ಪರಿಸರವನ್ನು ಸಂರಕ್ಷಿಸುವುದೂ ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದೂ ಸಂವಿಧಾನದ 51ಎ ಅನುಚ್ಛೇದದಂತೆ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವಾಗಿದೆ. ಈ ಕರ್ತವ್ಯದಲ್ಲಿ ಅನುಕಂಪ ಮತ್ತು ಸಂರಕ್ಷಣೆ ಜೊತೆಜೊತೆಯಾಗಿಯೇ ಬಂದಿವೆ. ಆಮೆಯನ್ನು ಬೀದಿಯಿಂದ ಎತ್ತುವುದು ಅನುಕಂಪ. ಅದನ್ನು ತನ್ನ ಕೊಳದಲ್ಲಿ ಇರಿಸಿಕೊಳ್ಳದೆ ಅದರದೇ ನೀರಿಗೆ, ಅದರದೇ ನೆಲಕ್ಕೆ ಮರಳುವಂತೆ ಮಾಡುವುದು ಸಂರಕ್ಷಣೆ. ನಾಗರಿಕರ ಪಾಲಿಗೆ ಬರುವ ಈ ಕೆಲಸ ಕೆಲವು ಗಂಟೆಗಳದು ಮಾತ್ರ. ಆ ಕೆಲವು ಗಂಟೆಗಳು ಸರಿಯಾಗಿ ನಡೆದರೆ ಆಮೆಯ ಮುಂದೆ ಇನ್ನೂ ಹಲವು ದಶಕಗಳ ಬದುಕು ಉಳಿಯುತ್ತದೆ.